ಕೈಬಿಡದ ಲೋಟ

ಅಂಗೈ ತರಚಿಲ್ಲವಲ್ಲ, ನಾಜಿಮಾಳಿಗೆ ಅದು ಹೊಳೆದದ್ದು ಅತ್ತೆಯ ಊದಿದ ಪಾದವನ್ನು ತೊಡೆಯ ಮೇಲಿಟ್ಟುಕೊಂಡ ಮೇಲೆ – ಬಿದ್ದವರು ಯಾರಾದರೂ ಕೈಯೂರುತ್ತಾರೆ, ಅತ್ತೆ ಮರಿಯಮ್ ಬೀಯ ಮೊಣಕೈ ಮಾತ್ರ ಕೆತ್ತಿಹೋಗಿದೆ, ಅಂಗೈಗಳು ದುವಾಕ್ಕೆ ಎತ್ತಿ ಇಳಿಸಿದಷ್ಟು ಸ್ವಚ್ಛ. ಇರಲಿ, ಮೊದಲು ನೋವಿಲ್ಲದ ಕಾಲು ಮುಟ್ಟಿ ನೋಡಬೇಕು, ಆಮೇಲೆ ಇದು, ಆಸ್ಪತ್ರೆಯಲ್ಲಿ ನರ್ಸಾಗಿ ದಿನಾ ಮಾಡುವುದೇ, ಆದರೆ ಇದು ಗಂಡ ತಬ್ರೇಜನ ತಾಯಿಯ ಕಾಲು, ಅವನದ್ದೂ ಹೀಗೇ, ಕಿರುಬೆರಳು ಪಕ್ಕದ ಬೆರಳನ್ನು ತಬ್ಬಿಕೊಂಡು – ಗಿಣ್ಣಿನ ಮೂಳೆ ಒತ್ತಿದರೆ ನೋವಿಲ್ಲ, ಅದರ ಕೆಳಗಿನ ಮೆತ್ತನೆಯ ಜಾಗಕ್ಕೆ ಯಾ ಅಲ್ಲಾ ಎನ್ನುತ್ತಾರೆ, ಮುರಿದಿಲ್ಲ, ಉಳುಕು, ಲಿಗಮೆಂಟು ಎಳೆದಿದೆ, ಬೆರಳುಗಳು ಬೆಚ್ಚಗಿವೆ, ಅಷ್ಟಾದರೂ ಕರುಣೆ. ಅಮ್ಮೀ, ಪಾದ ಒಳಕ್ಕೆ ಮಡಚ್ತಾ ಹೊರಕ್ಕಾ, ಟಕ್ ಅಂತ ಕೇಳಿಸ್ತಾ? ಅಮ್ಮಿ ಗೋಡೆ ನೋಡುತ್ತಾರೆ, ಆಸ್ಪತ್ರೆಗೆ ಕರೆತಂದ ನೆರೆಮನೆಯ ಭೂತಮ್ಮನೇ ಹೇಳಬೇಕು, ಏನ್ ಕೇಳೀಯವ್ವ, ಈ ವಯಸ್ನಲ್ಲಿ ಎಳೇ ಕರ ಹಗ್ಗ ಕಿತ್ಕಂಡಂಗೆ ರೋಡಿಗೆ ಓಡ್ಬುಟ್ರು, ಬಿದ್ರೂ ಲೋಟ ಬಿಡ್ಲಿಲ್ಲ ಕಣೆ, ಎರಡೂ ಕೈಲಿ ಮೇಲಕ್ಕೆ ಹಿಡ್ಕಂಡವ್ರೆ, ಎತ್ತಕ್ ಹೋದ್ರೆ ಮೊದ್ಲು ಟೀ ಹಿಡ್ಕೋ ಅಂತಾರೆ ಮಾರಾಯ್ತಿ, ಅರ್ಧ ಲೋಟ ಹಂಗೇ ಐತೆ!

ಲೋಟ. ನಾಜಿಮಾಳ ಹೆಬ್ಬೆರಳು ಅಲ್ಲೇ ನಿಂತಿತು – ನವಿಲು ಕೂಗಿದಂಥ ಆ ಹಾರ್ನ್, ತಬ್ರೇಜ್ ತನ್ನ ಲಾರಿಗೆ ಆಸೆಪಟ್ಟು ಹಾಕಿಸಿದ್ದು, ಮಾರನಹಳ್ಳಿ ತಿರುವಿನಲ್ಲಿ ಅದು ಕೇಳಿಸಿದರೆ ಅಮ್ಮಿ ರಸ್ತೆಯಂಚಿಗೆ ಓಡಿ ಲಾರಿಯ ಕಿಟಕಿಗೆ ಲೋಟ ಚಾಚುವುದು, ಘಾಟಿ ಇಳಿಯುವ ಮುಂಚೆ ಎರಡು ಗುಟುಕು, ಸಕ್ಕರೆ ಜಾಸ್ತಿ ಆಯ್ತು ಕಣಮ್ಮಿ, ದಿನಾ ಅವನದ್ದು ಅದೇ ತಕರಾರು. ಆಮೇಲೆ ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು, ಲಾರಿಯನ್ನು ಜೋಪಾನವಾಗಿ ಬದಿಗೆ ಹಚ್ಚಿ, ಸ್ಟೇರಿಂಗಿಗೆ ತಲೆಯಿಟ್ಟವನು ಏಳಲಿಲ್ಲ. ಲಾರಿ ಆಲೂರಿನವರಿಗೆ ಮಾರಿಹೋಯಿತು, ಅದರ ಜೊತೆ ಹಾರ್ನೂ ಹೋಯಿತು. ಇವತ್ತು ಬೆಳಿಗ್ಗೆ ಅದು ಇಲ್ಲಿ ತನಗೂ ಕೇಳಿಸಿತ್ತಲ್ಲ, ಸಿರಿಂಜು ಹಿಡಿದವಳು ಬಾಗಿಲವರೆಗೆ ಹೋಗಿ ನಿಂತಿದ್ದಳಲ್ಲ, ಯಾರಿಗೆ ಹೇಳುವುದು.

ಹಾಲು ಕಾದಿತ್ತು ಬೇಟಿ, ಅಷ್ಟೇ, ಎನ್ನುತ್ತಾರೆ ಅಮ್ಮಿ. ಬ್ಯಾಂಡೇಜು ಸುತ್ತುತ್ತ ಹೇಳಬೇಕು, ಎಲ್ಲರಿಗೂ ಹೇಳುವುದೇ, ಕಾಲು ಎತ್ತರಕ್ಕಿಟ್ಟುಕೊಳ್ಳಿ, ಭಾರ ಹಾಕಬೇಡಿ, ಇನ್ಮೇಲೆ ಓಡಬೇಡಿ – ಓಡಬೇಡಿ ಎಂದರೆ ಅವನು ಬರುವುದಿಲ್ಲ ಎಂದ ಹಾಗೆ, ಅದನ್ನು ಮನೆಯಲ್ಲಿ ಇನ್ನೂ ಯಾರೂ ಬಾಯಿಬಿಟ್ಟು ಅಂದಿಲ್ಲ, ಅಮ್ಮೀ, ಇನ್ಮೇಲೆ – ಅಷ್ಟರಲ್ಲಿ ಕೆಳಗಿನ ತಿರುವಿನಿಂದ ಮತ್ತೆ ಆ ಹಾರ್ನು, ನವಿಲು ಕೂಗಿತು, ಊದಿದ ಪಾದ ಅವಳ ಕೈಯೊಳಗೆ ನೆಲಕ್ಕಾಗಿ ಚಡಪಡಿಸಿತು, ನಾಜಿಮಾ ಬಿಡಲಿಲ್ಲ, ಎರಡೂ ಕೈಯಲ್ಲಿ ಹಿಡಿದಳು, ಬೆಳಗಿನದ್ದು ಕಣ್ಣಿಗೆ ಕಟ್ಟಿತು, ರಸ್ತೆಯಂಚಿನಲ್ಲಿ ಅಮ್ಮಿ ಬಿದ್ದಿದ್ದಾರೆ, ಎರಡು ಕೈಗಳು ಮೇಲಕ್ಕೆ, ಕೈಗಳ ನಡುವೆ ಲೋಟ, ನೆಟ್ಟಗೆ, ಹಬೆಯಾಡುತ್ತ, ಲೋಟ –