ವಾಸಿಫ್ ಕಳಿಸುವ ಮುಬಾರಕ್

ಮತ್ತೆ ಕೆಂಪು ಅಕ್ಷರ. ವಾಸಿಫ್ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಅದೇ ಸಾಲನ್ನು ಇನ್ನೊಮ್ಮೆ ಓದಿದ. ಈ ಕಂಪ್ಯೂಟರಿನಲ್ಲಿ ಸ್ಕ್ರಿಪ್ಟು ಓಡಿಸಲು ಅನುಮತಿ ಇಲ್ಲ.

ಯಾರ ಅನುಮತಿ? ಕಂಪ್ಯೂಟರು ತಂದೆ ಹಬೀಬ್ ಸಾಬರದು, ಟ್ರಂಕಿನ ಅಂಗಡಿಯ ಬಿಲ್ಲು ಬರೆಯಲೆಂದು ತಂದದ್ದು. ಅವರು ಆಚೆ ಪಡಸಾಲೆಯಲ್ಲಿ ಹೊಸ ಜುಬ್ಬಾ ತೊಟ್ಟು ಬಂದಬಂದವರನ್ನು ತಬ್ಬಿಕೊಳ್ಳುತ್ತಿದ್ದರು. ಇವತ್ತು ರಂಜಾನ್ ಹಬ್ಬ. ಮನೆಯಲ್ಲಿ ಯಾರಿಗೂ ಯಾವುದಕ್ಕೂ ಅನುಮತಿ ಬೇಕಿರಲಿಲ್ಲ.

ಸಿರಾದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ವಾಸಿಫನಿಗೆ ಪಾಠ ಹೊರಡುತ್ತದೆ, ಮಾತು ಹೊರಡುವುದಿಲ್ಲ. ಎದೆಗೆ ಎದೆ ತಾಗಿಸಿ ಈದ್ ಮುಬಾರಕ್ ಎಂದಾದ ಮೇಲೆ ಮುಂದೇನು ಎನ್ನುವುದು ಅವನಿಗೆ ಈ ವಯಸ್ಸಿನವರೆಗೂ ಹೊಳೆದಿಲ್ಲ. ಅದಕ್ಕೇ ಒಂದು ಸ್ಕ್ರಿಪ್ಟು, ಎಂದರೆ ಕಂಪ್ಯೂಟರು ತಾನಾಗಿ ಪಾಲಿಸುವ ಆಜ್ಞೆಗಳ ಪಟ್ಟಿ, ಬರೆದಿಟ್ಟಿದ್ದ. ನೆಂಟರ ಹೆಸರು, ಅವರವರ ಒಂದೊಂದು ಸಂಗತಿ ಕೊಟ್ಟರೆ ಸಾಕು. ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ಮಗಳ ಪರೀಕ್ಷೆ. ಹಬ್ಬದ ಬೆಳಗ್ಗೆ ಅದು ತಾನಾಗಿ ವಾಟ್ಸಾಪ್ ತೆರೆದು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಪ್ರೀತಿ ಉಕ್ಕಿಸಿ ಬರೆಯುತ್ತಿತ್ತು.

ಮಧುಗಿರಿಯಿಂದ ಪಾವಗಡದವರೆಗೆ ನೆಂಟರೆಲ್ಲ ಕರಗಿಹೋಗಿದ್ದರು. ಹಬೀಬ್ ಸಾಬರ ಮಗ ಮಾತು ಕಮ್ಮಿ, ಆದರೆ ಒಬ್ಬರನ್ನೂ ಮರೆಯುವುದಿಲ್ಲ ಎಂದು ಹೆಸರಾಗಿತ್ತು. ಆ ಹೆಸರಿನ ಆಸರೆಯಲ್ಲಿ ವಾಸಿಫ್ ಹಬ್ಬಹಬ್ಬಕ್ಕೂ ಸುಖವಾಗಿ ಸುಮ್ಮನಿರುತ್ತಿದ್ದ. ಇವತ್ತು ಸ್ಕ್ರಿಪ್ಟು ಓಡದಿದ್ದರೆ ಬರೀ ಮಾತು ಕಮ್ಮಿಯವನು ಮಾತ್ರ ಉಳಿಯುತ್ತಾನೆ.

ಎಡವಟ್ಟು ಅವನದೇ. ಗೋಡೆಯ ಕ್ಯಾಲೆಂಡರ್ ನಂಬಿ ಕಾಲೇಜಿನ ಕಂಪ್ಯೂಟರಿಗೆ ನಾಳೆಯ ತಾರೀಖು ಕೊಟ್ಟು ಬಂದಿದ್ದ. ಚಿಕ್ಕಂದಿನಿಂದ ಮಾಳಿಗೆ ಹತ್ತಿ ಚಂದ್ರನನ್ನು ಹುಡುಕಿದವನು ಹೀಗೆ ಮಾಡಬಾರದಿತ್ತು. ಚಂದ್ರ ಕ್ಯಾಲೆಂಡರ್ ಓದುವುದಿಲ್ಲ. ನಿನ್ನೆ ಸಂಜೆಯೇ ಕಂಡುಬಿಟ್ಟ. ಮಸೀದಿಯ ಮೈಕಿನಲ್ಲಿ ಸಾರಿದ್ದೇ ತಡ, ಬೀದಿಯಲ್ಲಿ ಗದ್ದಲವೋ ಗದ್ದಲ. ಕಾಲೇಜಿಗೆ ಮಾತ್ರ ಬೀಗ. ಪೆನ್‌ಡ್ರೈವಿನಲ್ಲಿದ್ದ ಪ್ರತಿಯನ್ನು ಮನೆಯ ಕಂಪ್ಯೂಟರಿಗೆ ಹಾಕಿಕೊಂಡ. ಕಾಲೇಜಿನಲ್ಲಿ ನೀರು ಕುಡಿದಷ್ಟು ಸಲೀಸಾಗಿ ಓಡುತ್ತಿದ್ದದ್ದು ಇಲ್ಲಿ ಅಲುಗಾಡಲಿಲ್ಲ.

ಹೆಂಡತಿ ಗೌಸಿಯಾ ಹಬ್ಬದ ಶ್ಯಾವಿಗೆ ಪಾಯಸ, ಶೀರ್ ಖುರ್ಮಾದ ಬಟ್ಟಲು ಹಿಡಿದು ಬಂದಳು. ಕೈತುಂಬ ಮೆಹಂದಿ, ಮುಖದ ತುಂಬ ನಗು. ಈದ್ಗಾದ ನಮಾಜಿನಿಂದ ಎಲ್ಲರಿಗಿಂತ ಮೊದಲು ಓಡಿಬಂದು ಹಿಂಗೆ ಬಾಗಿಲು ಹಾಕಿಕೊಂಡರೆ ಜನ ಏನು ಅಂದುಕೊಂಡಾರು ಎಂದು ಕೇಳಿದಳು. ಅವನು ಕಂಪ್ಯೂಟರಿನ ಪರದೆ ತೋರಿಸಿದ.

"ಫೋನಲ್ಲೇ ಒಂದೊಂದಾಗಿ ಬರ್ದು ಕಳ್ಸಿಬುಡಿ. ಅದಕ್ಯಾಕೆ ಇಷ್ಟು ಒದ್ದಾಟ?"

ಹೌದಲ್ಲ ಎನ್ನಿಸಿತು. ಫೋನು ತೆಗೆದು ಮೊದಲ ಹೆಸರು ಒತ್ತಿದ. ಖಾಜಾಬಿ, ತಂದೆಯ ಅಕ್ಕ, ಮಧುಗಿರಿಯ ಫುಪ್ಪು. ಚಿಕ್ಕವನಿದ್ದಾಗ ಅವನನ್ನು ಸೊಂಟದ ಮೇಲಿಟ್ಟುಕೊಂಡೇ ಬೀದಿ ಸುತ್ತಿದವರು. 'ಫುಪ್ಪು' ಎಂದು ಬರೆದ. ಹೆಬ್ಬೆರಳು ಅಲ್ಲೇ ನಿಂತಿತು. ಸ್ಕ್ರಿಪ್ಟಿಗೆ ಇಂಥಲ್ಲಿ ಏನು ಬರೆಯಬೇಕೆಂದು ಗೊತ್ತಿತ್ತು, ಬರೆಯಲು ಹೇಳಿಕೊಟ್ಟವನು ಇವನೇ. ಆದರೆ ಈಗ ತನ್ನೊಳಗೆ ಕೈ ಹಾಕಿ ತಡಕಾಡಿದರೆ ಒಂದು ವಾಕ್ಯವೂ ಸಿಗಲಿಲ್ಲ. ಬರೆದದ್ದನ್ನು ಅಳಿಸಿದ.

"ಯಾಕೆ?" ಎಂದಳು ಗೌಸಿಯಾ.

"ನೆಟ್‌ವರ್ಕ್ ಇಲ್ಲ."

ಪಡಸಾಲೆಯಲ್ಲಿ ಯಾರೋ ದುಬೈಯ ತಮ್ಮನೊಂದಿಗೆ ವೀಡಿಯೊ ಕಾಲಿನಲ್ಲಿ ಕೇಕೆ ಹಾಕಿ ನಗುತ್ತಿದ್ದರು. ಗೌಸಿಯಾ ಅವನನ್ನು ಒಂದು ಗಳಿಗೆ ನೋಡಿ, ಆರುವುದರೊಳಗೆ ಕುಡಿಯಿರಿ ಎಂದಷ್ಟೇ ಹೇಳಿ ಹೋದಳು.

ಅನುಮತಿಯ ಗಂಟನ್ನು ಅವನು ಬಿಡಿಸಿದ. ಓಡಿಸಿದ. ಹೊಸ ಕೆಂಪು ಅಕ್ಷರ: 'ಹಬೀಬ್' ಎಂಬುದು ಎಲ್ಲೂ ಸಿಗುತ್ತಿಲ್ಲ. ಸಿಗುವುದಿಲ್ಲವೆಂದರೇನು? ಆಚೆ ಅವರ ದನಿ ಬೀದಿಗೇ ಕೇಳಿಸುತ್ತಿದೆ!

ಅಷ್ಟರಲ್ಲಿ ಬಾಗಿಲಿನಲ್ಲಿ ಮಹಾಲಿಂಗಯ್ಯ ಇಣುಕಿದರು. ಕಡಲೆಕಾಯಿ ವ್ಯಾಪಾರದವರು, ತಂದೆಯ ಹಳೆಯ ಗೆಳೆಯರು, ಶೀರ್ ಖುರ್ಮಾಕ್ಕೆ ಒಂದು ವರ್ಷವೂ ತಪ್ಪಿಸಿದವರಲ್ಲ. ಲೆಕ್ಚರರಿಗೆ ಹಬ್ಬದ ದಿನವೂ ಡ್ಯೂಟಿಯೇ ಎಂದು ಛೇಡಿಸಿದರು. ವಾಸಿಫ್ ನಕ್ಕ. ಅವರು ಇನ್ನೊಂದು ಮಾತಿಗೆ ಕಾದರು, ಬರಲಿಲ್ಲ, ಬೆನ್ನು ತಟ್ಟಿ ಹೋದರು.

ಅವರ ಹಿಂದೆಯೇ ಬಂದವರು ಖಾಜಾಬಿ ಫುಪ್ಪು. ಬಸ್ಸಿನ ಧೂಳು ಬುರ್ಖಾದ ಮೇಲೆ ಹಾಗೇ ಇತ್ತು. ಒಳಗೆ ಬಂದವರೇ ವಾಸಿಫನ ಹಣೆಗೆ ಅಂಗೈ ಇಟ್ಟು ನೋಡಿದರು.

"ಜ್ವರ ಇಲ್ವಲ್ಲೋ! ಹೊತ್ತಾರೆನೇ ಪಕ್ಕದ ಮನೆ ಯಶಸ್ವಿನಿ ಕೈಲಿ ಫೋನ್ ನೋಡಿಸ್ದೆ. ನಿನ್ ಮೆಸೇಜ್ ಬಂದಿಲ್ಲ ಅಜ್ಜಿ ಅಂದ್ಳು. ಜೀವ ತಡೀಲಿಲ್ಲ ಬೇಟಾ, ಬಂದ್ಬುಟ್ಟೆ."

ಓದು ಬರದ ಫುಪ್ಪು, ಹಬ್ಬದ ಅಡುಗೆ ಬಿಟ್ಟು, ಬಸ್ಸು ಹತ್ತಿ ಬಂದಿದ್ದರು. ವಾಸಿಫನ ಎದೆಯಲ್ಲಿ ಏನೋ ದಡಬಡ ಎದ್ದು ನಿಂತಿತು. ಸಂತೋಷವೇ ಅದು, ಅನುಮಾನವಿಲ್ಲ. ಕೆಂಪು ಅಕ್ಷರ ಬಂದದ್ದೇ ಒಳ್ಳೆಯದಾಯಿತು ಎಂದು ಕೂಡ ಅನ್ನಿಸಿತು. ಈಗ ಹೇಳಿಬಿಡಬಹುದು. ಬಾಯಿ ತೆರೆದ.

"ಫುಪ್ಪು..."

"ಏನ್ಲಾ?"

"ನೀರು ಕುಡೀತೀರಾ?"

ಕುಡಿಯುತ್ತೇನೆ ಎಂದು ಫುಪ್ಪು ತಾವೇ ನಗುತ್ತ ಅಡುಗೆಮನೆಗೆ ಹೋದರು. ಅಲ್ಲಿ ಹೆಂಗಸರೆಲ್ಲ ಒಟ್ಟಿಗೆ ಸದ್ದು ಮಾಡಿ ಅವರನ್ನು ಸುತ್ತಿಕೊಂಡರು. ವಾಸಿಫ್ ಪರದೆಯ ಕಡೆ ತಿರುಗಿ ಕೂತ.

ಆಗ ಕಂಡಿತು. ಈ ಕಂಪ್ಯೂಟರನ್ನು ಜೋಡಿಸಿಕೊಟ್ಟ ಅಂಗಡಿಯ ಪ್ರಸನ್ನ ಕುಮಾರ್ ಹಿರಿಯರ ಹೆಸರನ್ನು ಬೋಳುಬೋಳಾಗಿ ಹಾಕುವುದು ಹೇಗೆಂದು ಸ್ಕ್ರಿಪ್ಟು ಈಗ ಇದ್ದ ಫೋಲ್ಡರಿಗೆ 'ಹಬೀಬ್ ಸಾಬ್' ಎಂದು ಹೆಸರಿಟ್ಟಿದ್ದ. ಎರಡು ಪದಗಳ ನಡುವಿನ ಖಾಲಿ ಜಾಗ ಬಂದಕೂಡಲೆ ಯಂತ್ರ ಹೆಸರು ಮುಗಿಯಿತೆಂದು ತಿಳಿದು ಬರೀ ಹಬೀಬನನ್ನು ಹುಡುಕುತ್ತಿತ್ತು. ಇಡೀ ಸಿರಾದಲ್ಲಿ ತಂದೆಯನ್ನು ಹಾಗೆ ಕರೆಯುವ ಧೈರ್ಯ ಇದೊಂದಕ್ಕೇ ಇದ್ದದ್ದು. ವಾಸಿಫ್ ಒಬ್ಬನೇ ಕೂತು ಗಟ್ಟಿಯಾಗಿ ನಕ್ಕ. ಇಡೀ ಹೆಸರಿನ ಹಿಂದೊಂದು ಮುಂದೊಂದು ಉದ್ಧರಣ ಚಿಹ್ನೆ ಹಾಕಿ ಕೀಲಿ ಒತ್ತಿದ.

ಓಡಿತು. ಕಳಿಸಲಾಗಿದೆ, ಕಳಿಸಲಾಗಿದೆ ಎಂದು ಪರದೆಯ ಮೇಲೆ ಸಾಲು ಸಾಲಾಗಿ ಇಳಿಯತೊಡಗಿತು. ಅವನಿಗೆ ಕುಣಿಯುವಷ್ಟು ಖುಷಿಯಾಯಿತು. ತಣ್ಣಗಾದ ಬಟ್ಟಲನ್ನು ಒಂದೇ ಉಸಿರಿಗೆ ಕುಡಿದು ಪಡಸಾಲೆಗೆ ಬಂದ.

ಅಲ್ಲಿ ಫೋನುಗಳು ಒಂದಾದ ಮೇಲೊಂದು ಗುಂಯ್ ಎನ್ನುತ್ತಿದ್ದವು. ಮಹಾಲಿಂಗಯ್ಯ ಕನ್ನಡಕ ಏರಿಸಿ ತಮ್ಮದನ್ನು ಎಲ್ಲರಿಗೂ ಕೇಳುವಂತೆ ಓದಿದರು. ಹಬೀಬ್ ಸಾಬರ ಮುಖ ಅರಳಿತು. ಬಂತು ನೋಡಿ, ವಾಸಿಫನದು ಬಂತು ಎಂದು ಮನೆಯೆಲ್ಲ ಗಲಗಲ ಎಂದಿತು. ಒಬ್ಬರಾದರೂ ಅವನ ಕಡೆ ತಿರುಗಿ ಇದೇನು ಎಂದು ಕೇಳಲಿಲ್ಲ. ಎಲ್ಲರೂ ಉತ್ತರ ಬರೆಯುವುದರಲ್ಲಿದ್ದರು.

ಫುಪ್ಪು ದಿವಾನದ ಮೇಲೆ ಅವನನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡು ಫೋನನ್ನು ಕೈಗಿತ್ತರು. ಯಶಸ್ವಿನಿ ಇಲ್ಲವಲ್ಲ, ನೀನೇ ಓದು ಎಂದರು.

ಅವನು ಓದಿದ. "ಫುಪ್ಪು, ನಿಮ್ಮನ್ನು ನೆನೆಯದೆ ನನ್ನ ಹಬ್ಬ ಶುರುವಾಗುವುದಿಲ್ಲ. ಮಂಡಿನೋವು ಹೇಗಿದೆ? ಒಮ್ಮೆ ನಿಮ್ಮ ಪಕ್ಕ ಕೂತು ಹೊತ್ತು ಹೋಗುವವರೆಗೆ ಮಾತಾಡಬೇಕು."

ಫುಪ್ಪುವಿನ ಕಣ್ಣು ತುಂಬಿಬಂತು. ಅವನ ತೊಡೆಗೆ ತೊಡೆ ತಾಗಿತ್ತು.

"ಎದುರಿಗಿದ್ರೆ ಒಂದು ಮಾತೂ ಆಡಕಿಲ್ಲ ನೀನು. ಇದ್ರಾಗೆ ಎಷ್ಟು ಚೆಂದ ಮಾತಾಡ್ತೀಯ ಕಣ್ಲಾ."

ದೃಷ್ಟಿ ತೆಗೆಯಲೆಂದು ಅವರು ಎರಡೂ ಕೈ ಎತ್ತಿದರು. ವಾಸಿಫ್ ತಲೆ ಬಗ್ಗಿಸಿದ. ಕೈಗಳು ಅವನ ತಲೆಗೆ ಬರಲಿಲ್ಲ. ಅವನ ಹಿಡಿಯಲ್ಲಿದ್ದ ಫೋನಿನ ಎರಡೂ ಬದಿಯನ್ನು ಮೆಲ್ಲಗೆ ಸವರಿದವು, ಅವರದೇ ಕಣತಲೆಗೆ ಹೋದವು, ಅಲ್ಲಿ ಹತ್ತೂ ಬೆರಳು ಲಟಲಟನೆ ನೆಟಿಗೆ ಮುರಿದವು. ಪಡಸಾಲೆಯಲ್ಲಿದ್ದವರೆಲ್ಲ ಸಂತೋಷಕ್ಕೆ ನಕ್ಕರು. ವಾಸಿಫನೂ ನಕ್ಕ, ಬಗ್ಗಿಸಿದ ತಲೆಯನ್ನು ಇನ್ನೂ ಹಾಗೇ ಹಿಡಿದುಕೊಂಡು.