ಒಂದೇ ಒಂದು ಫೈಲು

"ಇಂಗ್ಲಿಷಲ್ಲಿ ಎಂತೆಂತದೋ ಬಂತು ಮಾರಾಯ್ತಿ. ನೀಲಿ ಬಣ್ಣದಲ್ಲಿ" ಎಂದ ಜಯೇಶ್, ಕಂಪ್ಯೂಟರಿನ ಸ್ಕ್ರೀನು ನೋಡುತ್ತ.

"ಬಣ್ಣ ಬೇಡ. ಮೇಲಿನಿಂದ ಒಂದೊಂದೇ ಗೆರೆ ಓದಿ."

"ಎಲ್ಲ ಓದುವುದೆಂತಕ್ಕೆ? ನಾನು ನೋಡಿ ಸರಿಯಾದ್ದು ಒತ್ತುತ್ತೇನೆ."

"ಒತ್ತಬೇಡಿ!" ಸಾಧನಾ ಅಂದಾಜಿನ ಮೇಲೆ ಕೈ ಚಾಚಿ ಗಂಡನ ಮಣಿಕಟ್ಟು ಹಿಡಿದಳು. "ಓದಿ. ಓದಿದರೆ ಸಾಕು."

ಜಯೇಶ್ ಓದಿದ. ಓದಿದ ಅಂದರೆ, ಮೊದಲ ಗೆರೆಯಲ್ಲಿ ಅರ್ಧ, ಕೊನೆಯದರಲ್ಲಿ ಒಂದು ಪದ, ನಡುವಿನದಕ್ಕೆಲ್ಲ ಸೇರಿಸಿ "ಇತ್ಯಾದಿ". ಕಣ್ಣಿದ್ದವರು ಕಣ್ಣಿಲ್ಲದವರಿಗೆ ಓದಿ ಹೇಳುವ ಕ್ರಮವೇ ಹಾಗೆ. ಯಾವುದು ಬೇಕು, ಯಾವುದು ಬೇಡ ಎಂದು ಮೊದಲು ತಾವೇ ತೀರ್ಮಾನ ಮಾಡಿಕೊಂಡು ಆಮೇಲೆ ಬಾಯಿ ತೆರೆಯುತ್ತಾರೆ. ಸಾಧನಾ ಹಲ್ಲು ಕಚ್ಚಿ ಮತ್ತೊಮ್ಮೆ ಓದಿಸಿದಳು, ಕಂಪ್ಯೂಟರನ್ನು ಎಬ್ಬಿಸಲು ಸಿಕ್ಕಿಸಿದ್ದ ಪೆನ್‌ಡ್ರೈವಿನ ಹೆಸರು ಎಷ್ಟನೆಯ ಗೆರೆಯಲ್ಲಿದೆ ಎಂದು ಕೇಳಿ ತಿಳಿದುಕೊಂಡಳು, ತಾನೇ ಕೀಲಿ ಒತ್ತಿದಳು. ಸ್ವಲ್ಪ ಹೊತ್ತಿಗೆ ಸ್ಪೀಕರಿನಿಂದ, ಸ್ಕ್ರೀನಿನಲ್ಲಿದ್ದುದನ್ನು ಓದಿ ಹೇಳುವ ಮೂಗಿನ ಧ್ವನಿಯೊಂದು ಗಡಗಡ ಮಾತಾಡತೊಡಗಿತು.

"ಬಂತು. ಇನ್ನು ನೀವು ಹೋಗಬಹುದು" ಎಂದಳು. ಹೇಳಿದ್ದು ಒರಟಾಯಿತೇನೋ ಅನ್ನಿಸಿ, "ಥ್ಯಾಂಕ್ಸ್" ಎಂದೂ ಸೇರಿಸಿದಳು.

ಕಂಪ್ಯೂಟರು ಎಚ್ಚರಗೊಳ್ಳುವಾಗ ಮೊದಲ ಸ್ವಲ್ಪ ಹೊತ್ತು ಮೂಕ. ಆ ಹೊತ್ತಿಗಷ್ಟೇ ಅವಳಿಗೆ ಇನ್ನೊಬ್ಬರ ಕಣ್ಣು ಬೇಕು. ಮಿಕ್ಕಿದ್ದೆಲ್ಲ ಅವಳಿಂದಲೇ ಆಗುತ್ತದೆ. ಹಳೆಯ ಡಿಸ್ಕು ಒಳಗಿಂದ ಟಿಕ್ ಟಿಕ್ ಎನ್ನಲು ಶುರುವಾದಾಗ ಮನೆಯಲ್ಲಿ ಯಾರಿಗೂ ಕೇಳಿಸಿರಲಿಲ್ಲ, ಅವಳಿಗೆ ಕೇಳಿಸಿತ್ತು. ಅದು ಪೂರ್ತಿ ಕೈಕೊಡುವ ಮೊದಲೇ ಇಡೀ ಕಂಪ್ಯೂಟರನ್ನು ಹೇಗಿತ್ತೋ ಹಾಗೆಯೇ ಒಂದು ಪಡಿಯಚ್ಚಾಗಿ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಇಳಿಸಿಕೊಂಡಿದ್ದಳು. ಮರುವಾರ ಹಳೆಯದು ಸತ್ತಿತು. ಹೊಸ ಡಿಸ್ಕನ್ನು ತರಿಸಿ, ಪೆಟ್ಟಿಗೆಯ ಸ್ಕ್ರೂ ಬಿಚ್ಚಿ, ಬೆರಳಲ್ಲೇ ಜಾಗ ಹುಡುಕಿ ಕೂರಿಸಿದ್ದೂ ಅವಳೇ. ಈಗ ಆ ಪಡಿಯಚ್ಚನ್ನು ಹೊಸ ಡಿಸ್ಕಿಗೆ ಏರಿಸಬೇಕು, ಅಷ್ಟೆ.

ಎಲ್ಲ ಹೊಸದಾಗಿ ಹಾಕಿಸಿದರೆ ಆಗದೇ ಎಂದು ಜಯೇಶ್ ಕೇಳಿದ್ದ. ಆಗುವುದಿಲ್ಲ ಎಂಬುದನ್ನು ಅವನಿಗೆ ತಿಳಿಸುವುದು ಹೇಗೆ? ಮೂಡುಬಿದಿರೆಯ ಕಾಲೇಜುಗಳಿಗೆ ರಾಯಚೂರಿನಿಂದ, ಕೋಲಾರದಿಂದ ಬಂದು ಓದುವ ಅಂಧ ಮಕ್ಕಳಿಗೆ ಅವಳು ಪಠ್ಯಪುಸ್ತಕ ಸಿದ್ಧ ಮಾಡಿ ಕೊಡುತ್ತಾಳೆ. ಸ್ಕ್ಯಾನ್ ಮಾಡಿದ ಪುಟವನ್ನು ಕಂಪ್ಯೂಟರು ಅಕ್ಷರವಾಗಿ ಬದಲಿಸುವಾಗ 'ಮ' ಇದ್ದಲ್ಲಿ 'ವು' ಮಾಡುತ್ತದೆ, ಸಾಲು ನುಂಗುತ್ತದೆ. ಅದನ್ನೆಲ್ಲ ಕಿವಿಯಲ್ಲಿ ಕೇಳಿ ತಿದ್ದಬೇಕು. ತಿದ್ದಿ ತಿದ್ದಿ, ಯಾವ ತಪ್ಪನ್ನು ಹೇಗೆ ಸರಿಮಾಡಬೇಕು, ಯಾವ ಊರಿನ, ಯಾವ ಅರಸನ ಹೆಸರನ್ನು ಹೇಗೆ ಉಚ್ಚರಿಸಬೇಕು ಎಂದು ವರ್ಷಗಟ್ಟಲೆ ಅವಳು ಆ ಯಂತ್ರಕ್ಕೆ ಕಲಿಸಿದ್ದಳು. 'ಕ್ರಿ.ಶ.' ಎಂಬುದನ್ನು ಮೊದಲು ಅದು 'ಕ್ರಿ ಚುಕ್ಕಿ ಶ ಚುಕ್ಕಿ' ಎಂದು ಓದುತ್ತಿತ್ತು. ಮಗುವಿಗೆ ಕಲಿಸುವಷ್ಟೇ ತಾಳ್ಮೆ ಬೇಕಾಗಿತ್ತು ಅದಕ್ಕೆ.

ಅದಕ್ಕಿಂತ ದೊಡ್ಡದು ಇನ್ನೊಂದಿತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಯಾವುದೂ ಇಟ್ಟಲ್ಲಿ ಇರುವುದಿಲ್ಲ. ಕುರ್ಚಿ ಸರಿಯುತ್ತದೆ, ಉಪ್ಪಿನ ಡಬ್ಬಿ ಜಾಗ ಬದಲಿಸುತ್ತದೆ, ಚಪ್ಪಲಿಯನ್ನು ಯಾರೋ ಒಪ್ಪವಾಗಿಡುತ್ತಾರೆ, ಎಲ್ಲವೂ ಒಳ್ಳೆಯ ಮನಸ್ಸಿನಿಂದಲೇ. ಇಟ್ಟದ್ದು ಇಟ್ಟಲ್ಲೇ ಇರುವ ಜಾಗ ಅವಳ ಬದುಕಿನಲ್ಲಿ ಒಂದೇ ಇತ್ತು, ಆ ಕಂಪ್ಯೂಟರು. ಕಣ್ಣು ಪೂರ್ತಿ ಹೋದ ಮೇಲೆ ಅವಳು ಕಟ್ಟಿಕೊಂಡ ಮನೆ ಅದು, ಮತ್ತು ಅದರ ಒಂದೇ ಒಂದು ಪ್ರತಿ ಆ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿತ್ತು.

"ಎಷ್ಟು ಹೊತ್ತು ಉಂಟು ಇದು?" ಜಯೇಶ್ ಬಾಗಿಲಲ್ಲಿ ನಿಂತು ಕೇಳಿದ. "ನಂಗೆ ಆಮೇಲೆ ಆ ಡಿಸ್ಕ್ ಬೇಕು. ಬಂಟ್ವಾಳದಿಂದ ಮದುವೆ ವೀಡಿಯೊ ತರ್ಲಿಕ್ಕುಂಟು. ಅಕ್ಕ ಫೋನ್ ಮೇಲೆ ಫೋನ್ ಮಾಡ್ತಾ ಇದ್ದಾಳೆ."

"ಎರಡು ಗಂಟೆಯಾದರೂ ಬೇಕು. ಮುಗಿದ ಕೂಡಲೇ ನಾನೇ ಹೇಳ್ತೇನೆ. ಅಲ್ಲಿವರೆಗೆ ಯಾರೂ ಮುಟ್ಟುವುದು ಬೇಡ."

"ನಾನೆಂತಕ್ಕೆ ಮುಟ್ಟುವುದು!" ಎಂದು ಅವನು ಹೊರಗೆ ಹೋದ.

ಸಾಧನಾ ಒಂದೊಂದೇ ಕೀಲಿ ಒತ್ತುತ್ತ, ಧ್ವನಿ ಹೇಳಿದ್ದನ್ನು ಎರಡೆರಡು ಸಲ ಕೇಳಿದಳು. ಯಾವುದರಿಂದ, ಯಾವುದಕ್ಕೆ ಎಂಬುದು ಅದಲು ಬದಲಾದರೆ ಎಲ್ಲ ಮುಗಿಯಿತು. ಡಿಸ್ಕುಗಳ ಹೆಸರು, ಗಾತ್ರ, ಮತ್ತೊಮ್ಮೆ ಹೆಸರು. ಕೊನೆಯ ಪ್ರಶ್ನೆಗೆ ಹೌದು ಎಂದು ಒತ್ತಿದಾಗ ಧ್ವನಿ ಕೆಲಸ ಶುರುವಾಯಿತೆಂದು ಹೇಳಿ ಸುಮ್ಮನಾಯಿತು. ಅವಳು ಎಂದಿನ ಅಭ್ಯಾಸದಂತೆ ಮಾನಿಟರಿನ ಸ್ವಿಚ್ಚು ಆರಿಸಿದಳು. ಕೋಣೆಯ ಲೈಟಿನ ಪ್ರಶ್ನೆಯೇ ಇರಲಿಲ್ಲ. ಸಾಧನಾ ಕೂತ ಕೋಣೆಯಲ್ಲಿ ಲೈಟು ಹಾಕುವ ಕ್ರಮ ಆ ಮನೆಯಲ್ಲಿಲ್ಲ. ಅವಳಿಗೆ ಯಾಕೆ, ಸುಮ್ಮನೆ ಕರೆಂಟು ದಂಡ ಎಂದು ಅತ್ತೆ ರಾಜಮತಿ ಮೊದಮೊದಲು ಹೇಳುತ್ತಿದ್ದರು, ಈಗ ಹೇಳದೆಯೇ ನಡೆಯುತ್ತದೆ. ಅವಳಿಗೂ ಅದು ರೂಢಿಯಾಗಿ, ಜಯೇಶ್ ಹೋದ ಮೇಲೆ ಅವನು ಹಾಕಿದ್ದ ಲೈಟನ್ನು ತಾನೇ ಆರಿಸಿದ್ದಳು.

"ಸಾಧನಾ, ಹೊತ್ತು ಇಳಿಯಿತು" ಎಂದು ಒಳಗಿಂದ ಅತ್ತೆ ಕರೆದರು. ಜೈನರ ಕ್ರಮದಂತೆ, ಸೂರ್ಯ ಮುಳುಗಿದ ಮೇಲೆ ರಾಜಮತಿಯವರು ಹನಿ ನೀರನ್ನೂ ಬಾಯಿಗೆ ಬಿಡುವವರಲ್ಲ. ಬಡಿಸುವುದು ತಡವಾದರೆ ಅವರು ಉಪವಾಸ ಮಲಗುತ್ತಾರೆ, ಮರುದಿನ ಊರಿಗೆಲ್ಲ ಅದು ಗೊತ್ತಾಗುತ್ತದೆ. ಸಾಧನಾ ಎದ್ದುಹೋಗಿ ಅವರಿಗೆ ಬಡಿಸಿ, ತಾನೂ ಉಂಡು, ಪಾತ್ರೆ ತೊಳೆದು, ಅಡಿಗೆಮನೆ ಒರೆಸಿ, ಅತ್ತೆಯ ಜಪ ಮುಗಿಯುವವರೆಗೆ ಜೊತೆಗೆ ಕೂತಳು. ಮನಸ್ಸು ಮಾತ್ರ ಪಕ್ಕದ ಕೋಣೆಯಲ್ಲಿತ್ತು.

ಮರಳಿ ಬಂದಾಗ ಹೊಸ್ತಿಲಲ್ಲೇ ಏನೋ ಸರಿಯಿಲ್ಲ ಅನ್ನಿಸಿತು. ಪೆಟ್ಟಿಗೆಯೊಳಗಿನ ಫ್ಯಾನಿನ ಸದ್ದಿರಲಿಲ್ಲ. ಕೀಲಿ ಒತ್ತಿದಳು, ಉತ್ತರವಿಲ್ಲ. ಪ್ಲಗ್ ಬೋರ್ಡನ್ನು ಸವರಿದಳು. ಸ್ವಿಚ್ಚುಗಳೆಲ್ಲ ಮೇಲಕ್ಕೆ, ಆರಿದ್ದವು. ಮೇಜಿನ ಮೇಲೆ ಡಿಸ್ಕಿದ್ದ ಜಾಗದಲ್ಲಿ ಕೈ ಆಡಿಸಿದಳು. ಮರದ ಹಲಗೆ ತಣ್ಣಗಿತ್ತು. ಬರಿ ಮೇಜಿನ ಮೇಲೆ ಹುಚ್ಚಿಯ ಹಾಗೆ ಎಷ್ಟೋ ಹೊತ್ತು ಕೈ ಆಡಿಸುತ್ತಲೇ ಇದ್ದಳು.

"ಅತ್ತೆ, ಇವರೆಲ್ಲಿ?"

"ಆಗಲೇ ಹೋದ, ಬಂಟ್ವಾಳಕ್ಕೆ. ನೀನು ಬಡಿಸ್ತಾ ಇದ್ದೆ, ಅದಕ್ಕೆ ಕರೀಲಿಲ್ಲ."

ಜಯೇಶನ ಫೋನು ಹೊಡೆದು ಹೊಡೆದು ನಿಂತಿತು. ಸ್ಕೂಟರಿನಲ್ಲಿರುವವನಿಗೆ ಕೇಳಿಸುವುದಾದರೂ ಹೇಗೆ? ನಾರಾವಿಯಲ್ಲಿರುವ ಅವನ ಅಕ್ಕ, ಅತ್ತಿಗೆ ಜ್ವಾಲಿನಿಗೆ ಫೋನ್ ಮಾಡಿದಳು. ಮದುವೆ ಅತ್ತಿಗೆಯ ಮಗಳದೇ. ಫೋಟೋದವನ ನಂಬರು ಬೇಕು ಎಂದರೆ ಅತ್ತಿಗೆ ಮೊದಲು ಎಲ್ಲರ ಕ್ಷೇಮ ವಿಚಾರಿಸಿದರು, ಆಮೇಲೆ ಕನ್ನಡಕ ಹುಡುಕಿದರು, ಆಮೇಲೆ ಒಂದೊಂದೇ ಅಂಕಿ ಹೇಳಿದರು. ಸಾಧನಾಳಿಗೆ ಕಿರುಚಬೇಕೆನ್ನಿಸಿತು.

ಬಂಟ್ವಾಳದ ಸ್ಟುಡಿಯೋದ ಮುಝಮ್ಮಿಲ್ ಫೋನು ಎತ್ತಿದ. "ಹೌದು ಅಕ್ಕ, ಜಯೇಶಣ್ಣ ಇಲ್ಲೇ ಇದ್ದಾರೆ. ಡಿಸ್ಕಲ್ಲಿ ಜಾಗ ಇರ್ಲಿಲ್ಲ. ಈಗಷ್ಟೇ ಫಾರ್ಮ್ಯಾಟ್ ಕೊಟ್ಟೆ, ಇದ್ದದ್ದೆಲ್ಲ ಅಳಿಸಿ ಆಯ್ತು. ಅಣ್ಣನತ್ರ ಕೇಳಿಯೇ ಕೊಟ್ಟದ್ದು."

ಅವಳು ಗೋಡೆಗೆ ಒರಗಿದಳು. "ವೀಡಿಯೊ ಹಾಕಿದ್ರಾ?"

"ಇಲ್ಲ, ಇನ್ನು ಹಾಕ್ಬೇಕಷ್ಟೆ."

"ಹಾಕಬೇಡಿ. ದಮ್ಮಯ್ಯ, ಅದರ ಮೇಲೆ ಎಂತದೂ ಹಾಕಬೇಡಿ. ಖಾಲಿ ಇದ್ರೆ ಹೋದದ್ದನ್ನು ಮರಳಿ ತೆಗೀಬಹುದು, ಅಲ್ವಾ?"

"ಆಗ್ತದೆ ಅಕ್ಕ, ಹಾಗೇ ಬಿಟ್ಟರೆ ಆಗ್ತದೆ. ಹಾಕುದಿಲ್ಲ ನಾನು. ತಡೀರಿ, ಅಣ್ಣನಿಗೆ ಕೊಡ್ತೇನೆ."

"ಎಂತ ಗಲಾಟೆ ನಿಂದು?" ಜಯೇಶನ ಧ್ವನಿ ತಗ್ಗಿತ್ತು, ಪಕ್ಕದಲ್ಲಿ ಜನ ಇರುವಾಗಿನ ಧ್ವನಿ. "ನಾನು ನೋಡಿಯೇ ಹೇಳಿದ್ದು. ಅದರೊಳಗೆ ಎಂತದೂ ಇರ್ಲಿಲ್ಲ. ಒಂದೇ ಒಂದು ಫೈಲು. ಅದಕ್ಕೆ ಸರಿಯಾದ ಹೆಸರು ಸಹ ಇಲ್ಲ."

"ಆ ಒಂದರೊಳಗೇ ಎಲ್ಲ ಇದ್ದದ್ದು."

"ಮತ್ತೆ ನಿನ್ನ ಕೆಲಸ ಮುಗಿದಿತ್ತಲ್ಲ?"

"ಮುಗೀತು ಅಂತ ಯಾರು ಹೇಳಿದ್ದು ನಿಮಗೆ?"

"ಸ್ಕ್ರೀನ್ ಆಫ್ ಇತ್ತು. ಲೈಟೂ ಇರ್ಲಿಲ್ಲ. ಪೆಟ್ಟಿಗೆ ಸುಮ್ಮನೆ ಗುಂಯ್ ಅಂತಿತ್ತು, ಮರೆತು ಹೋಗಿದ್ದಿ ಅಂತ ನಾನೇ ಸ್ವಿಚ್ ತೆಗೆದೆ."

ಮಾನಿಟರು ಆರಿಸಿದ್ದು ತನ್ನದೇ ಕೈ. ಕಣ್ಣಿದ್ದವರಿಗೆ ಕತ್ತಲೆ ಅಂದರೆ ಅಲ್ಲಿ ಏನೂ ನಡೆಯುತ್ತಿಲ್ಲ ಎಂದು ಅರ್ಥ. ಅದನ್ನು ಅವಳು ಮರೆತಿದ್ದಳು. "ಹೋಗಲಿ" ಎಂದಳು. "ಆದದ್ದು ಆಯ್ತು. ಈಗ ಡಿಸ್ಕನ್ನು ಹಾಗೇ ತನ್ನಿ. ಖಾಲಿಯೇ ತನ್ನಿ. ನಾನು ಹೇಗಾದ್ರೂ ತೆಗೀತೇನೆ."

"ಆಯ್ತಾಯ್ತು. ಇಡು."

ಅವನು ಬರುವವರೆಗೆ ಅವಳು ಜಗಲಿಯಲ್ಲಿ ಕೂತಿದ್ದಳು. ಸಿಟ್ಟು ಬಂದಿತ್ತು, ಹೋಗಿಯೂ ಇತ್ತು. ಪರಿಚಯದವರಲ್ಲಿ ಯಾರ ಬಳಿ ಲ್ಯಾಪ್‌ಟಾಪ್ ಇದೆ, ಅಳಿಸಿದ್ದನ್ನು ಮರಳಿ ತೆಗೆಯುವ ಯಾವ ಪ್ರೋಗ್ರಾಂ ಮಾತಾಡುತ್ತದೆ ಎಂದೆಲ್ಲ ಮನಸ್ಸಿನಲ್ಲೇ ಹೊಂದಿಸತೊಡಗಿದಳು. ಗಂಡನಿಗೆ ಹೇಳಬೇಕಾದ ಮಾತನ್ನೂ ಹೊಂದಿಸಿದಳು. ನನ್ನದೂ ತಪ್ಪಿತ್ತು, ಇನ್ನು ಮುಂದೆ ಲೈಟು ಹಾಕಿಯೇ ಕೂರುತ್ತೇನೆ. ಹಾಗೆ ಹೇಳಿದರೆ ಅವನು ನಗಬಹುದು, ತಾನೂ ನಗಬಹುದು ಅನ್ನಿಸಿತು.

ಸ್ಕೂಟರು ಅಂಗಳಕ್ಕೆ ಬಂತು. ಜಯೇಶ್ ಡಿಸ್ಕನ್ನು ಅವಳ ಕೈಗೆ ಕೊಡಲಿಲ್ಲ.

"ಎಲ್ಲಿ?"

"ಬ್ಯಾಗಲ್ಲುಂಟು." ಅವನು ಚಪ್ಪಲಿ ಬಿಚ್ಚಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ. "ನೋಡು, ಮುಝಮ್ಮಿಲ್ ಬೇಡ ಅಂದ. ನಾನೇ ವೀಡಿಯೊ ಹಾಕಿಸಿದೆ."

ಅವನು ಒಂದೇ ಸಮನೆ ಮಾತಾಡಿದ. "ಅಷ್ಟು ದೂರ ಹೋಗಿ ಬರಿಗೈಯಲ್ಲಿ ಬರುವುದಾ? ನಾಳೆ ಅಕ್ಕ ಬರ್ತಾಳೆ ವೀಡಿಯೊ ನೋಡ್ಲಿಕ್ಕೆ, ಅವಳಿಗೆ ಎಂತ ಹೇಳುವುದು? ನಿಂದು ಹೇಗೂ ಅಳಿಸಿ ಆಗಿತ್ತು. ಹೋದದ್ದರ ಮೇಲೆ ಹಾಕಿದ್ರೆ ಎಂತ ನಷ್ಟ? ಸಿಕ್ಕಿದ್ರೆ ಸಿಕ್ಕೀತು ಅಂತ ಅವನೂ ಹೇಳಿದ್ದಷ್ಟೆ, ಗ್ಯಾರಂಟಿ ಎಂತದೂ ಇಲ್ಲ. ನಾನು ಸೋಮವಾರ ಜನ ಕರೆಸಿ ಎಲ್ಲ ಹೊಸದಾಗಿ ಹಾಕಿಸಿ ಕೊಡ್ತೇನೆ. ಇನ್ನೂ ಚಂದ ಆಗ್ತದೆ."

"ನಾನು ಖಾಲಿ ತನ್ನಿ ಅಂದಿದ್ದೆ."

"ಅಂದಿದ್ದಿ. ಆದ್ರೆ ಅದು ನಿನಗೆ ಗೊತ್ತಾಗುದಿಲ್ಲ ಸಾಧನಾ. ಅಲ್ಲಿ ನಿಂತು ನೋಡುವಾಗ ಬೇರೆಯೇ ಇರ್ತದೆ."

"ಅವನೇನು ಬೇಕೂಂತ ಮಾಡಿದ್ದಾ?" ಎಂದರು ಒಳಗಿಂದ ರಾಜಮತಿ.

ಮೊದಲನೆಯದು ಬೇಕೆಂದು ಮಾಡಿದ್ದಲ್ಲ. ಅದನ್ನು ಅವಳು ಜಗಲಿಯಲ್ಲಿ ಕೂತೇ ಮನ್ನಿಸಿದ್ದಳು. ಎರಡನೆಯದನ್ನು ಏನೆಂದು ಕರೆಯುವುದೋ ಅವಳಿಗೆ ತಿಳಿಯಲಿಲ್ಲ. ಎರಡನ್ನೂ ಬೇರೆಬೇರೆ ಎಂದು ತಿಳಿಯುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ ಎಂಬುದು ಮಾತ್ರ ತಿಳಿಯಿತು. ಅವಳು ಎದ್ದು ಒಳಗೆ ಹೋಗಿ ಮಲಗಿದಳು.

ಮರುದಿನ ಬೆಳಗ್ಗೆ ತಿಂಡಿಯ ಹೊತ್ತಿಗೇ ಜ್ವಾಲಿನಿ ಬಂದರು. ಡಿಸ್ಕನ್ನು ಟಿವಿಗೆ ಸಿಕ್ಕಿಸಿದರು. ಅತ್ತೆಗೆ ಸೋಫಾ, ಅತ್ತಿಗೆಗೆ ಅದರ ಪಕ್ಕ, ಜಯೇಶ್ ನೆಲದ ಮೇಲೆ. "ನೀನೂ ಬಾ, ಕೇಳಿಸ್ಕೊ" ಎಂದು ಸಾಧನಾಳನ್ನು ಕರೆದು ಟಿವಿಗೆ ತಾಗಿಕೊಂಡೇ ಇದ್ದ ಕುರ್ಚಿಯಲ್ಲಿ ಕೂರಿಸಿದರು. ಅಲ್ಲಿ ಕೂತರೆ ಯಾರಿಗೂ ಅಡ್ಡವಿಲ್ಲ. ನಾದಸ್ವರ ಶುರುವಾಯಿತು. ಯಾರ ಸೀರೆ ಹೇಗಿದೆ, ಯಾರು ದಪ್ಪಗಾಗಿದ್ದಾರೆ ಎಂದೆಲ್ಲ ಮಾತು, ನಗು. ಮದುವೆಯ ದಿನ ಬಂಟ್ವಾಳದ ಸಭಾಭವನದಲ್ಲಿ ಸಾಧನಾಳನ್ನು ಕಂಬದ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಈಗ ಬಂದೆ, ಎದ್ದು ಹೋಗಬೇಡ ಎಂದು ಹೇಳಿ ಹೋದವರು ಊಟದ ಹೊತ್ತಿಗಷ್ಟೇ ಬಂದಿದ್ದರು. ಅದು ಅವಳಿಗೆ ಚೆನ್ನಾಗಿ ನೆನಪಿತ್ತು.

"ಇಗೊ, ಸಾಧನಾ ಬಂದಳು!" ಎಂದರು ಜ್ವಾಲಿನಿ.

"ಎಂತ ಮಾಡ್ತಾ ಇದ್ದೇನೆ?" ಎಂದು ಸಾಧನಾ ಕೇಳಿದಳು.

ನಾದಸ್ವರ ಮಾತ್ರ ಕೇಳುತ್ತಿತ್ತು. ಅತ್ತೆ ಗಂಟಲು ಸರಿಮಾಡಿಕೊಂಡರು.

"ನಗ್ತಾ ಇದ್ದಿ" ಎಂದರು ಜ್ವಾಲಿನಿ. "ಚಂದ ಬಂದಿದ್ದಿ."

ಸಾಧನಾ ಕೈ ಚಾಚಿದಳು. ಟಿವಿಯ ಪಕ್ಕದಲ್ಲೇ ಡಿಸ್ಕು ಸಿಕ್ಕಿತು. ಅಂಗೈಯನ್ನು ಅದರ ಮೇಲೆ ಇಟ್ಟಳು. ಬೆಚ್ಚಗಿತ್ತು, ಒಳಗೆ ಸಣ್ಣಗೆ ತಿರುಗುತ್ತಿತ್ತು.

"ಹೇ, ಅದಕ್ಕೆ ಕೈ ತಾಗಿಸಬೇಡ ಮಾರಾಯ್ತಿ" ಎಂದ ಜಯೇಶ್. "ಎಲ್ಲಿಯಾದ್ರೂ ಅಳಿಸಿ ಹೋದ್ರೆ?"

ಅವಳು ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.