ತಿಂದು ತೋರಿಸುವ ಕೆಲಸ

"ಏಯ್ ಮುದಿ ಗೂಬೆ, ಕಣ್ಣು ಪಿಳಿಪಿಳಿ ಬಿಡ್ಕೊಂಡು ನಿಂತಿದೀಯಲ್ಲ, ನಿನ್ನ ಸೊಸೇನ ಕರಿ!"

ಯಜಮಾನ ತೋಟದ ಗೇಟಿನಿಂದಲೇ ಕೂಗಿದ. ಹಿಂದೆ, ಹೂ ಕೊಳ್ಳಲು ಬಂದ ಹೋಟೆಲಿನ ಗಂಡ ಹೆಂಡತಿ ಕಾರಿನಿಂದ ಇಳಿಯುತ್ತಿದ್ದರು. ಮುಂದಿನ ವಾರ ಬರಬೇಕಾದವರು ಇವತ್ತೇ ವಕ್ಕರಿಸಿದ್ದರು.

ಸಂತೆಗೆ, ಮನೆಮನೆಗೆ ಹೂ ಮಾರುವುದು ಸಾಲದೆಂದು ಯಜಮಾನ ಹೋಟೆಲುಗಳ ಅಡುಗೆಮನೆಗೂ ತಿನ್ನುವ ಗುಲಾಬಿ ಮಾರುತ್ತಾನೆ. ವಿಷ ಮುಟ್ಟಿಸದೆ ಬರೀ ಗೊಬ್ಬರದಲ್ಲಿ ಬೆಳೆದ ಹೂವಂತೆ. ನಂಬಿಕೆ ಬರಲೆಂದು ಕೊಳ್ಳುವವರ ಮುಂದೆ ಆಳೊಬ್ಬಳು ಹೂ ಕಿತ್ತು ತಿಂದು ನಗಬೇಕು. ಲಕ್ಷಣವಾಗಿದ್ದಾಳೆಂದು ಆ ಕೆಲಸ ನನ್ನ ಸೊಸೆಯ ಪಾಲಿಗೆ ಬಂದಿತ್ತು. ಕೂಲಿಯ ಜೊತೆ ತಿಂಡಿಯೂ ಸಿಕ್ಕಿತೆಂದು ನಾವೇ ನಗಾಡುತ್ತಿದ್ದೆವು.

ನಿನ್ನೆ ಆ ಗುಲಾಬಿ ಸಾಲಿಗೆ ಗಿಡಹೇನು ಮುತ್ತಿತ್ತು. ಬೂದಿಗೂ ಜಗ್ಗಲಿಲ್ಲ, ಸೋಪಿನ ನೀರಿಗೂ ಜಗ್ಗಲಿಲ್ಲ.

"ಔಷಧ ಹೊಡಿ. ಎಲ್ಲಾದ್ರೂ ಬಾಯಿ ಬಿಟ್ಯೋ, ರೂಮು ಖಾಲಿ ಮಾಡಿಸ್ತೀನಿ" ಅಂದಿದ್ದ ಯಜಮಾನ.

ಪಂಪು ಬೆನ್ನಿಗೇರಿಸಿ ಹೊಡೆದವಳು ನಾನೇ. ಹೆದರಿಕೊಂಡು ಮನೆಯಲ್ಲೂ ಹೇಳಿರಲಿಲ್ಲ. ಸೊಸೆ ತುಂಬಿದ ಬಸುರಿ. ಯಜಮಾನ ಕೊಟ್ಟ ರೂಮು ಹೋದರೆ ಹೆರಿಗೆ ಬೀದಿಯಲ್ಲೇ.

ಓಡಿಹೋಗಿ ಯಜಮಾನನ ಕಿವಿಯ ಹತ್ತಿರ ಪಿಸುಗುಟ್ಟಿದೆ. "ಯಜಮಾನ್ರೇ, ನಿನ್ನೆ ತಾನೇ ಹೊಡ್ದಿದ್ದು. ಬಸುರಿ ಹೆಂಗ್ಸು, ಬೇಡ. ನಾನೇ ತಿಂತೀನಿ."

"ನಿನ್ನ ಮೂತಿ ನೋಡಿ ಯಾರೇ ಕೊಂಡ್ಕೊತಾರೆ? ಒಂದು ಹೂವಿಗೆ ಸಾಯಲ್ಲ ಅವಳು. ಮುಚ್ಕೊಂಡು ನಿಂತ್ಕೊ, ಬೋಳಿ." ಹೋಟೆಲಿನವರ ಕಡೆ ನಗುತ್ತಲೇ ಅಂದ.

ಸೊಸೆ ಸೊಂಟಕ್ಕೆ ಕೈಕೊಟ್ಟುಕೊಂಡು ಬಂದು ಗುಲಾಬಿ ಕಿತ್ತಳು. "ಇವತ್ತು ಮಗೂದೂ ಸೇರಿ ಎರಡು ತಿನ್ಲಾ, ಅತ್ತೆ?" ಎಂದು ತಮಾಷೆ ಮಾಡಿದಳು. ಹೋಟೆಲಿನವಳು ವಿಡಿಯೋ ತೆಗೆಯಲು ಫೋನು ಎತ್ತಿದಳು.

ಹೂ ತುಟಿಗೆ ತಾಗುವಷ್ಟರಲ್ಲಿ ನನ್ನ ಕೈ ಬೀಸಿತು. ಹೂವಿನ ಜೊತೆ ಅವಳ ಕೆನ್ನೆಗೂ ಏಟು ಬಿತ್ತು.

"ಯಾಕತ್ತೆ?" ಅವಳ ಕಣ್ಣು ತುಂಬಿಬಂತು.

"ಹುಚ್ಚಿ ಮೇಡಂ ಇವಳು, ತಲೆ ಕೆಟ್ಟಿದೆ!" ಎನ್ನುತ್ತಾ ಯಜಮಾನ ನುಗ್ಗಿ ಬಂದ. ಹೆದರಿಕೆಗೆ ಉಚ್ಚೆ ಹೋಗಿ ತೊಡೆ ಬಿಸಿಯಾಯಿತು. ಹಾಗೇ ಹೋಟೆಲಿನವಳ ಮುಂದೆ ಹೋಗಿ ಎರಡೂ ಕೈ ಅವಳ ಮೂಗಿನ ಹತ್ತಿರ ಹಿಡಿದೆ.

"ನಿನ್ನೆ ಇದೇ ಹೂವಿಗೆ ಔಷಧ ಹೊಡ್ದಿರೋ ಕೈ, ತಾಯಿ. ಮೂಸಿ ನೋಡಿ."

ಯಜಮಾನ ನನ್ನ ಜುಟ್ಟು ಹಿಡಿದು ಎಳೆದ. ನಾನು ಕೈ ಇಳಿಸಲಿಲ್ಲ.